ಬಸ್ ನಿಲ್ದಾಣದ ಮೇಲೆ ನಿಂತು ಬೆಟ್ಟ ಅಳೆದೆ

ಪ್ರೀತಿಯ ದೊಡ್ಡಪ್ಪನವರಿಗೆ,

ಮೊದಲು ಕ್ಷಮೆ. ಫೋನಿನಲ್ಲಿ ಸಿಗುವವರಿಗೆ ಕಾಗದ ಬರೆಯುವುದು ಅತಿಯಾಯಿತೆಂದು ನನಗೂ ಗೊತ್ತು. ಆದರೆ ಫೋನಿನಲ್ಲಿ ಥ್ಯಾಂಕ್ಸ್ ಹೇಳಲು ಹೊರಟರೆ ನೀವು “ಆಯ್ತಾಯ್ತು, ಊಟ ಮಾಡಿದ್ಯಾ?” ಎಂದು ಮಾತು ತಿರುಗಿಸಿಬಿಡುತ್ತೀರಿ. ಹಾಸ್ಟೆಲಿನಲ್ಲಿ ಬೆಳೆದ ನನ್ನ ಕನ್ನಡ ಅರ್ಧ ಇಂಗ್ಲಿಷು. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ವಾರ ನಾನು ಮಾಡಿಕೊಂಡ ಎಡವಟ್ಟನ್ನು ನಿಮಗೆ ಪೂರ್ತಿ ಹೇಳಿಲ್ಲ. ನಿಮ್ಮ ಮನೆಯ ಹಿಂದಿನ ಜ್ವಾಲಾಮುಖಿಯ ಮೇಲೆ ಹನ್ನೆರಡು ದಿನಕ್ಕೊಮ್ಮೆ ಒಂದು ಉಪಗ್ರಹ ಹಾದುಹೋಗುತ್ತದೆ. ಅದರ ರೇಡಾರ್ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿದರೆ ನೆಲ ಬೆರಳಗಲ ಉಬ್ಬಿದರೂ ತಗ್ಗಿದರೂ ತಿಳಿಯುತ್ತದೆ. ಒಳಗೆ ಕರಗಿದ ಕಲ್ಲು ಮೇಲೇರುತ್ತಿದ್ದರೆ ಬೆಟ್ಟ ಉಬ್ಬುತ್ತದೆ. ಆದರೆ ಅಳೆಯುವ ಮೊದಲು ಅಲುಗಾಡದ ಒಂದು ಜಾಗವನ್ನು ಆರಿಸಿಕೊಳ್ಳಬೇಕು. ಮರಗಿಡಗಳಿಗಿಂತ ಕಟ್ಟಡ ರೇಡಾರಿಗೆ ಚೆನ್ನಾಗಿ ಕಾಣುತ್ತದೆಂದು ನಾನು ನಿಮ್ಮೂರ ಬಸ್ ನಿಲ್ದಾಣವನ್ನು ಆರಿಸಿದೆ. ನಕ್ಷೆಯಲ್ಲಿ ಬೆಟ್ಟಕ್ಕೆ ಬೆಟ್ಟವೇ ಕೆಂಪಾಯಿತು: ಒಂದು ವರ್ಷದಲ್ಲಿ ಆರು ಸೆಂಟಿಮೀಟರ್ ಏರಿಕೆ! ಸಂಶೋಧನೆಗೆ ಸೇರಿದ ಮೊದಲ ವರ್ಷದಲ್ಲೇ ಇಂಥದ್ದು ಸಿಕ್ಕಿತಲ್ಲ ಎಂದು ಲ್ಯಾಬಿನವರೆಲ್ಲ ಬೆನ್ನು ತಟ್ಟಿದರು. ನನಗೆ ಗೈಡ್ ಆಗಿರುವ ಮೇಡಂ ಅದನ್ನು ಅಧಿಕಾರಿಗಳಿಗೆ ತೋರಿಸಿದರು. ಬೆಟ್ಟದ ಬುಡದ ಎರಡು ಬೀದಿಗಳನ್ನು, ನಿಮ್ಮ ಬೀದಿಯನ್ನೂ ಸೇರಿಸಿ, ಖಾಲಿ ಮಾಡಿಸುವ ಮಾತು ಎದ್ದಿತು.

ಅವತ್ತು ಫೋನ್ ಮಾಡಿದ್ದು ನಿಮ್ಮನ್ನು ಎಚ್ಚರಿಸಲು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಜಂಬ ಕೊಚ್ಚಿಕೊಳ್ಳಲು. ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಅಳತೆಗೋಲು ಹೊತ್ತು ಆ ಬೆಟ್ಟ ಸುತ್ತಿದ ನೀವು ಕೇಳಿದ್ದು ಒಂದೇ: “ಬುಡದಿಂದ ತುದೀವರೆಗೂ ಒಂದೇ ಸಮ ಏರ್ತಾ? ಬೆಟ್ಟ ಏನು ಲಿಫ್ಟಾ, ಮರಿ? ಎಲ್ಲಿ ನಿಂತ್ಕೊಂಡು ಅಳೆದೆ?”

ಬಸ್ ನಿಲ್ದಾಣ ಎಂದೆ.

“ಅಯ್ಯೋ, ಅದು ಜೌಗು ಮುಚ್ಚಿ ಕಟ್ಟಿದ್ದಲ್ವಾ! ನಾವು ವರ್ಷ ವರ್ಷ ಅಳೆದಾಗ್ಲೂ ಅದು ಕೆಳಗೇ ಹೋಗ್ತಿತ್ತು.”

ಇಳಿಯುವ ಜಾಗದಿಂದ ಅಳೆದರೆ ಸುಮ್ಮನಿದ್ದ ಬೆಟ್ಟವೂ ಏರಿದಂತೆ ಕಾಣುತ್ತದೆ. ಎರಡು ದಿನ ಮೇಡಂ ಕಣ್ಣಿಗೆ ಬೀಳದಂತೆ ಹಿಂದಿನ ಮೆಟ್ಟಿಲಲ್ಲೇ ಓಡಾಡಿದೆ. ಆಗ ನೆನಪಾದದ್ದು ಹಾಸ್ಟೆಲಿನ ನನ್ನ ಮಂಚದ ಪಕ್ಕದ ಗೋಡೆ. ಚಿಕ್ಕವಳಿದ್ದಾಗ ಅದು ಬಿರುಕು ಬಿಟ್ಟಿತ್ತು. ಗೋಡೆ ಬೀಳುತ್ತದೆಂದು ನಾನು ಅತ್ತಾಗ, ನನ್ನನ್ನು ನೋಡಲು ಬಂದಿದ್ದ ನೀವು ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿರಿ. “ವಾರ ವಾರ ನೋಡು. ಬೆಳೆದ್ರೆ ವಾರ್ಡನ್‌ಗೆ ಹೇಳು, ಬೆಳೀದಿದ್ರೆ ನಿದ್ದೆ ಮಾಡು.” ಸುಮ್ಮನೆ ಹೆದರಬೇಡ ಎಂದವರು ಬೇಕಾದಷ್ಟು ಜನ ಇದ್ದರು. ಹೆದರಿಕೆಗೆ ಕೈಯಲ್ಲಿ ಒಂದು ಕೆಲಸ ಕೊಟ್ಟವರು ನೀವೊಬ್ಬರೇ. ಅದಕ್ಕೆ ಇಷ್ಟು ವರ್ಷ ಒಂದು ಥ್ಯಾಂಕ್ಸೂ ಹೇಳಲಿಲ್ಲ ನಾನು.

ಮೂರನೇ ದಿನ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಳು ಆಮೇಲೆ. ರೇಡಾರ್ ಎರಡು ಜಾಗದ ವ್ಯತ್ಯಾಸ ಮಾತ್ರ ಹೇಳುತ್ತೆ. ಬೆಟ್ಟ ಏರಿದೆಯೋ ನಿಲ್ದಾಣ ಇಳಿದಿದೆಯೋ, ನೆಲದ ಮೇಲೆ ಅಳೆದೋರು ಯಾರಾದ್ರೂ ಇದ್ದಾರಾ?”

“ನಮ್ಮ ದೊಡ್ಡಪ್ಪ ಇದ್ದಾರೆ,” ಎಂದೆ. ಲ್ಯಾಬಿನಲ್ಲಿ ನಾನು ಅಷ್ಟು ಜೋರಾಗಿ ಎಂದೂ ಮಾತಾಡಿರಲಿಲ್ಲ.

ಮುಂದಿನ ಗುರುವಾರ ಅಧಿಕಾರಿಗಳು ತೀರ್ಮಾನಕ್ಕೆ ಕೂರುತ್ತಾರೆ. ನಿಮ್ಮ ಹಳೆಯ ಅಳತೆ ಪುಸ್ತಕಗಳಲ್ಲಿ ಅಲುಗಾಡದ ಗಟ್ಟಿ ಬಂಡೆಯ ಮೇಲಿನ ಗುರುತಿನಿಂದ ನಿಲ್ದಾಣಕ್ಕೂ ಬೆಟ್ಟಕ್ಕೂ ಅಳೆದ ಪುಟಗಳು ಬೇಕು. ಎಲ್ಲವೂ ಬೇಕು, ನಮ್ಮ ಮಾತಿಗೆ ವಿರುದ್ಧವಾದವೂ. ನನ್ನ ಮುಖ ಉಳಿಸಲೆಂದು ಒಂದು ಹಾಳೆಯನ್ನೂ ಬಿಡಬೇಡಿ. ಬೆಟ್ಟವೇ ಏರುತ್ತಿದ್ದರೆ ಮೊದಲು ಮನೆ ಬಿಡಬೇಕಾದವರು ನೀವು ಮತ್ತು ದೊಡ್ಡಮ್ಮ.

ಇಬ್ಬರಿಗೂ ನಮಸ್ಕಾರ. ನಿಮ್ಮ ಕಾಲ ಕೆಳಗಿನ ನೆಲ ತಣ್ಣಗಿರಲಿ. ಕಾಗದ ಕೈಸೇರಿದ ದಿನವೇ ಪುಟಗಳ ಫೋಟೊ ತೆಗೆದು ಕಳಿಸಿ, ದೊಡ್ಡಪ್ಪ. ದಯವಿಟ್ಟು ಬೇಗ ಉತ್ತರ ಕೊಡಿ.

ನಿಮ್ಮ ಮರಿ