ಒಬ್ಬಾಕಿನ ಖಾನಾಪುರಕ್ಕ

ತ್ರಿಶಲಾ,

ಎದ್ದ ಕೂಡಲೇ ಮನಿಯೆಲ್ಲಾ ಹುಡುಕಬ್ಯಾಡ. ಬಿಸಿಲು ಏರೋದ್ರಾಗ ಮುಟ್ಟಬೇಕಂತ ಏಳರ ಬಸ್ಸಿಗೆ ಖಾನಾಪುರಕ್ಕ ಹೊಂಟೇನಿ, ನಿಮ್ಮ ಉತ್ತಮ ಮಾವನ ಮನಿಗೆ. ಎರಡು ವರ್ಷದ ಮ್ಯಾಲೆ ಒಬ್ಬಾಕಿನ. ಕೋಲು ತಗೊಂಡೇನಿ.

ಡಬ್ಬಿಯೊಳಗ ಚಪಾತಿ ಅದಾವು. ಸೊಟ್ಟ ಆಗ್ಯಾವಂತ ನಗಬ್ಯಾಡ, ನಾನೇ ಲಟ್ಟಿಸೀನಿ. ಇನ್ನೊಮ್ಮೆ ಲಟ್ಟಣಿಗಿ ಮ್ಯಾಲಿನ ಕಪಾಟಿನಾಗ ಬಚ್ಚಿಟ್ಟಿ ಅಂದ್ರ ನೋಡು!

ಅಜ್ಜಿಗೆ ಮೆತ್ತಗ ಒಂದು ಮಾತು ಹೇಳು. ರವಿವಾರ ಎಣ್ಣಿ ಹಚ್ಚಿ ಸುಡುಸುಡು ನೀರು ಹಾಕಿದ್ದಕ್ಕೇ ಇಡೀ ದಿನ ನನ್ನ ಕಾಲು ಏಳಲಿಲ್ಲ. ಈ ನರದ ಬ್ಯಾನಿಗೆ, ಎಂ.ಎಸ್.ಗೆ, ಕಾವು ಆಗಿಬರಂಗಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ರು. ಅಜ್ಜಿ ಪ್ರೀತಿಲೆ ಹಾಕಾಕತ್ತಾರ ಅಂತ ನಾನೂ ಸುಮ್ಮನ ಕುಂತೆ. ತಪ್ಪು ನಂದೂ ಐತಿ. ಇನ್ನ ಮ್ಯಾಲೆ ನನಗ ತಣ್ಣೀರೇ ಸಾಕು.

ತಾಸಿಗೊಮ್ಮೆ ಫೋನ್ ಮಾಡಬ್ಯಾಡ. ಸಂಜಿ ಐದಕ್ಕ ಸ್ಕೂಟರ್ ತಗೊಂಡು ಬಸ್ ಸ್ಟ್ಯಾಂಡಿಗೆ ಬಾ. ಹೊತ್ತು ಮುಳುಗೋದ್ರಾಗ ಅಜ್ಜಿ ಜೋಡಿ ಊಟಕ್ಕ ಕುಂದ್ರಬೇಕು. ಗಾಲಿಕುರ್ಚಿ ಮಾತ್ರ ತರಬ್ಯಾಡ.

ಅಕ್ಷರ ಏರುಪೇರು ಆಗ್ಯಾವಂತ ಗಾಬರಿ ಆಗಬ್ಯಾಡ. ಅಡಗಿಮನಿ ಕಟ್ಟಿ ಮ್ಯಾಲೆ ಹಾಳಿ ಇಟ್ಟು, ಇಷ್ಟೂ ನಿಂತೇ ಬರದೇನಿ.

ಅವ್ವ