ಕೆಂಪು ಶಾಯಿಯ ರುಜು

ಹುಬ್ಬಳ್ಳಿ
18 ಫೆಬ್ರುವರಿ 2025

ಮುದ್ದಿನ ಮಹೆಕ,

ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದು ಗೊತ್ತು. ಎಂಟು ದಿನದಿಂದ ನಿನ್ನನ್ನು ಶಾಲೆಯ ಹೊರಗಿಟ್ಟಿದ್ದಾರೆ. ಹತ್ತನೆಯ ಪರೀಕ್ಷೆಗೆ ಇನ್ನೊಂದೇ ತಿಂಗಳು, ಕ್ಷಮೆ ಕೇಳದೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ಮುಖ್ಯ ಗುರುಗಳು ಪಟ್ಟು ಹಿಡಿದಿದ್ದಾರೆ. ಫೋನ್ ಮಾಡಿದರೆ ನಿಮ್ಮ ಅಪ್ಪ ಎತ್ತುತ್ತಾರೆ, ಅವರ ದನಿ ಕೇಳಿದೊಡನೆ ಇಟ್ಟುಬಿಡುತ್ತೇನೆ. ಅದಕ್ಕೇ ಈ ಪತ್ರ.

ಸಂವಿಧಾನದ ಹತ್ತೊಂಬತ್ತನೇ ವಿಧಿ, ಮಾತಿನ ಸ್ವಾತಂತ್ರ್ಯದ ಪಾಠ ಮಾಡಿದ ದಿನ ನಾನು ಬಲು ಹುರುಪಿನಲ್ಲಿದ್ದೆ. ಕಂಡದ್ದನ್ನು ಅಂಜದೆ ಬರೆಯಿರಿ, ಗೋಡೆ ಪತ್ರಿಕೆ ನಿಮ್ಮದೇ ಎಂದೆ. ಉಳಿದವರು ನೀರು ಉಳಿಸಿ, ಗಿಡ ಬೆಳೆಸಿ ಎಂದು ಬರೆದು ತಂದರು. ನೀನೊಬ್ಬಳು ಹುಡುಗಿಯರ ಶೌಚಾಲಯದ ಬಗ್ಗೆ ಬರೆದೆ. ಅದರಲ್ಲಿ ಮುರಿದ ಬೆಂಚು ತುಂಬಿ ಬೀಗ ಹಾಕಿದ್ದಾರೆ, ಹಾಗಾಗಿ ಬೆಳಗಿನಿಂದ ನಾವು ಯಾರೂ ನೀರು ಕುಡಿಯುವುದಿಲ್ಲ ಎಂದು. ಅದೆಲ್ಲ ಖರೆ ಎಂದು ನನಗೂ ಗೊತ್ತಿತ್ತು.

ನಮ್ಮ ಶಾಲೆಯ ರೂಢಿ ನಿನಗೆ ಗೊತ್ತು. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ನಾನು ಕೆಂಪು ಶಾಯಿಯಲ್ಲಿ ತಿದ್ದಿ ರುಜು ಹಾಕಬೇಕು, ಆಮೇಲೆಯೇ ಬಿಳಿ ಹಾಳೆಗೆ ಇಳಿಸಿ ಗೋಡೆಗೆ ಅಂಟಿಸುವುದು. ನೀನು ಎಲ್ಲವನ್ನೂ ರೂಢಿಯಂತೆಯೇ ಮಾಡಿದೆ. ಮರುದಿನವೇ ಆಡಳಿತ ಮಂಡಳಿಯ ಅಧ್ಯಕ್ಷ ಮೈಲಾರಲಿಂಗಪ್ಪನವರು ಅತಿಥಿಗಳನ್ನು ಕರೆದುಕೊಂಡು ಬರಬೇಕೇ? ಅತಿಥಿಯೊಬ್ಬರು ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಹಾಳೆ ಕಿತ್ತವಳು ನಾನೇ.

ಮುಖ್ಯ ಗುರುಗಳು ಎಲ್ಲರೆದುರು ಕೇಳಿದರು, "ಅಕ್ಕೋರ, ಇದನ್ನ ನೀವು ನೋಡಿದ್ರೇನ್ರಿ?"

"ಇಲ್ರಿ ಸರ್. ಆಕಿ ನನಗ ತೋರಿಸೇ ಇಲ್ರಿ."

ನೀನು ಬಾಗಿಲಲ್ಲೇ ನಿಂತಿದ್ದೆ. ನನ್ನ ಮುಖ ನೋಡಿದೆ, ತುಟಿ ಬಿಚ್ಚಲಿಲ್ಲ. ಆ ಹೊತ್ತು ನಿನ್ನ ಮೇಲೆ ಎಷ್ಟು ಪ್ರೀತಿ ಉಕ್ಕಿತು ಎಂದು ಹೇಳಲಾರೆ. ಆರು ವರ್ಷದಿಂದ ನಾನು ತಾತ್ಕಾಲಿಕ ಶಿಕ್ಷಕಿ, ಜೂನಿನಲ್ಲಿ ಕಾಯಂ ಮಾಡುತ್ತೇವೆ ಎಂದಿದ್ದಾರೆ. ನಿನಗೆ ಮುಂದೆ ಇಡೀ ಬದುಕು ಬಿದ್ದಿದೆ ತಂಗಿ, ನನಗಿರುವುದು ಇದೊಂದೇ.

ಇದರ ಜೊತೆ ಕ್ಷಮಾಪಣೆ ಪತ್ರ ಬರೆದು ಇಟ್ಟಿದ್ದೇನೆ. 'ಶಿಕ್ಷಕಿಗೆ ತೋರಿಸದೆ ಅಂಟಿಸಿದೆ, ಬರೆದದ್ದೆಲ್ಲ ಸುಳ್ಳು' ಎಂದು ಅದರಲ್ಲಿದೆ. ನಿನ್ನ ಶೈಲಿಯಲ್ಲೇ ಇದೆ. ಮೂರು ವರ್ಷ ನಿನ್ನ ಬರಹ ತಿದ್ದಿದವಳಿಗೆ ಅದೇನು ಕಷ್ಟವಲ್ಲ. ನೀನು ರುಜು ಹಾಕಿದರೆ ಸಾಕು.

ನನ್ನ ರುಜು ಇರುವ ನೋಟ್‌ಬುಕ್ಕನ್ನು ಎಲ್ಲರಿಗೂ ತೋರಿಸುತ್ತೇನೆ ಎಂದು ಗೆಳತಿ ಶಾಹೀನಳ ಮುಂದೆ ಅಂದೆಯಂತೆ. ಅದನ್ನು ಹುಡುಕಬೇಡ. ನಿನ್ನೆ ಸಂಜೆ ನೀನು ಟ್ಯೂಷನ್‌ಗೆ ಹೋದಾಗ ಹಳೇ ಹುಬ್ಬಳ್ಳಿಯ ನಿಮ್ಮ ಮನೆಗೆ ಬಂದಿದ್ದೆ. ತಿದ್ದುವುದು ಬಾಕಿ ಇದೆ ಎಂದಾಗ ನಿಮ್ಮ ತಾಯಿ ಹುಸೇನಬಿ ತಾವೇ ಒಳಗಿನಿಂದ ತಂದುಕೊಟ್ಟರು. ಚಹಾ ಕೊಟ್ಟು ಕೈ ಹಿಡಿದುಕೊಂಡು, "ನಮ್ಮ ಹುಡುಗಿನ್ನ ನೀವೇ ಕಾಯಬೇಕ್ರಿ ಅಕ್ಕೋರ" ಎಂದರು. ಆ ಪುಟ ಹರಿದು ಸುಟ್ಟೆ. ಅಂಚಿನಲ್ಲಿ 'ಛಲೋ ಬಂದೈತಿ, ಗೋಡೆಗೆ ಹಚ್ಚು' ಎಂದು ನಾನೇ ಬರೆದಿದ್ದೆ. ಸುಡುವ ಮೊದಲು ಎರಡು ಸಲ ಓದಿಕೊಂಡೆ.

ಈ ಪತ್ರವನ್ನೂ ಓದಿ ಶಾಹೀನಳ ಕೈಗೆ ವಾಪಸ್ ಕೊಡು. ಅದಿಲ್ಲದೆ ಬರಬೇಡ ಎಂದು ಅವಳಿಗೆ ಹೇಳಿದ್ದೇನೆ, ಹೊರಗೇ ನಿಂತಿರುತ್ತಾಳೆ.

ಸದಾ ನಿನ್ನ ಹಿತ ಬಯಸುವ
ಭುವನೇಶ್ವರಿ ಅಕ್ಕೋರು

ತಾ.ಕ.: ಶನಿವಾರ ಶಿಕ್ಷಣಾಧಿಕಾರಿಗಳು ನನ್ನ ಪಾಠ ನೋಡಲು ಬರುತ್ತಾರೆ. ಹತ್ತೊಂಬತ್ತನೇ ವಿಧಿಯನ್ನೇ ಆರಿಸಿದ್ದೇನೆ. ನೀನು ಹೋದ ಮೇಲೆ ತರಗತಿಯಲ್ಲಿ ಒಬ್ಬರೂ ಕೈ ಎತ್ತುತ್ತಿಲ್ಲ, ಏನು ಕೇಳಿದರೂ ತಲೆ ತಗ್ಗಿಸುತ್ತಾರೆ. ರುಜು ಹಾಕಿ ಅಷ್ಟರೊಳಗೆ ಬಂದುಬಿಡು, ಮೊದಲ ಬೆಂಚಿನಲ್ಲಿ ಕೂರು. ಮಾತನಾಡುವ ಹಕ್ಕು ಯಾರಿಗಿದೆ ಎಂದು ಕೇಳುತ್ತೇನೆ. ಎದ್ದು ನಿಂತು, ನಮ್ಮೆಲ್ಲರಿಗೂ ಇದೆ ಎಂದು ಗಟ್ಟಿಯಾಗಿ ಹೇಳು. ಬರುವಾಗ ನೀರು ಕುಡಿದು ಬರಬೇಡ, ಬೀಗ ಇನ್ನೂ ತೆಗೆದಿಲ್ಲ.