೯ ಎಂದಿರುವಲ್ಲಿ ೬

೨ ನವೆಂಬರ್ ೨೦೨೫, ರವಿವಾರ. ಬೆಳಿಗ್ಗೆ ೭

ಹುಬ್ಬಳ್ಳಿಯ ಪಾತ್ರೆ ಅಂಗಡಿಯ ಶಿವಯೋಗೀಶರಿಗೆ ಬರೆದ ಪತ್ರ. ಅಂಚೆಗೆ ಹಾಕುವ ಮುನ್ನ ಇಲ್ಲಿ ಪ್ರತಿ ಇಳಿಸಿಕೊಂಡದ್ದು:

“ಮಾನ್ಯರೇ, ಅಕ್ಟೋಬರ್ ೨೫ರ ನನ್ನ ಪತ್ರದಲ್ಲಿ ಒಂದು ತಪ್ಪು ನುಸುಳಿದೆ. ಕ್ಷಮೆ ಕೋರುತ್ತೇನೆ. ಫ್ಲಾಸ್ಕು ಕೊಂಡಾಗ ತಾವು ಕೊಟ್ಟ ರಸೀದಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ತಮಗೇ ಕಳುಹಿಸಿದ್ದೆನಷ್ಟೆ. ‘ದನ್ಯವಾದಗಳು’ ಎಂಬುದನ್ನು ‘ಧನ್ಯವಾದಗಳು’ ಎಂದೂ, ‘ಹಿಂತಿರಿಗಿಸಲು’ ಎಂಬುದನ್ನು ‘ಹಿಂತಿರುಗಿಸಲು’ ಎಂದೂ ತಿದ್ದಿದ್ದು ಸರಿ. ಆದರೆ ‘ರಸೀದಿ’ಯನ್ನು ‘ರಶೀದಿ’ ಮಾಡಿದ್ದು ನನ್ನ ಪ್ರಮಾದ. ಮೂಲ ಪದ ಪಾರಸಿಯದು, ಸಕಾರವೇ ಸರಿ. ತಮ್ಮಲ್ಲಿ ನೆಟ್ಟಗಿದ್ದುದನ್ನು ನಾನು ಕೆಡಿಸಿದೆ.”

ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಒಂದಕ್ಷರದ ತಪ್ಪನ್ನೂ ಮನೆಯಲ್ಲಿಟ್ಟುಕೊಂಡು ಮಲಗಲಾರೆ.

ಮನೆಯಾಕೆ ಲಕ್ಷ್ಮೀಬಾಯಿ: “ಒಂದ್ ‘ಸ’ ಸಲುವಾಗಿ ಪೋಸ್ಟಿಗೆ ಹೊಂಟ್ರೇನ್ರಿ? ಬರೋವಾಗ ಕೊತಂಬ್ರಿ ತರ್ರಿ.”

ಇಂದು ರವಿವಾರವೆಂದು ನೆನಪಿಸಿದೆ. ಅಂಚೆ ನಾಳೆ.

೬ ನವೆಂಬರ್, ಗುರುವಾರ. ಸಂಜೆ ೬

ಫ್ಲಾಸ್ಕು ಸೋರುತ್ತಿತ್ತು. (ಇದಕ್ಕೊಂದು ಕನ್ನಡ ಪದ ಹುಡುಕಬೇಕು.) ಬೆಳಿಗ್ಗೆ ಇಬ್ಬರೂ ಮಠಕ್ಕೆ ಹೋದೆವು. ಆಕೆ ಕೆಲಗೇರಿಯ ಮನೆಗೆ ಮರಳಿದಳು. ನಾನು ಅಲ್ಲಿಂದಲೇ ಹುಬ್ಬಳ್ಳಿಯ ಚಿಗರಿ ಬಸ್ಸು ಹಿಡಿದು ದೇಶಪಾಂಡೆ ನಗರದ ಅಂಗಡಿಗೆ. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಮಂತ್ರಾಕ್ಷತೆಯ ಪೊಟ್ಟಣ.

ರಸೀದಿ ಇರಲಿಲ್ಲ. ಇರುವುದಾದರೂ ಹೇಗೆ, ನಾನೇ ಕಳುಹಿಸಿಬಿಟ್ಟಿದ್ದೆ. ಮಾಲೀಕರೂ ಇರಲಿಲ್ಲ. ಗಲ್ಲೆಯ ಬಳಿ ಒಬ್ಬ ಹುಡುಗಿ. ಎದೆಯ ಪಟ್ಟಿಯ ಮೇಲೆ ಹೆಸರು: ಭಾಗ್ಯಶ್ರೀ.

“ಪಾವತಿ ಐತೇನ್ರಿ ಅಜ್ಜಾರ?”

“ಪಾವತಿ ಎನ್ನುವುದು ಮರಾಠಿಯವರ ಬಳಕೆ. ರಸೀದಿ ಎನ್ನಬೇಕು.”

ಅವಳು ತುಟಿ ಕಚ್ಚಿಕೊಂಡಳು. “ರಸೀದಿ ಪಾರಸಿ ಅಂತ ನೀವ ಬರದೀರಲ್ರಿ. ಪರದೇಶದ್ದು ನಡೀತೈತಿ, ಬಾಜೂ ಮನೀದು ನಡ್ಯೂದಿಲ್ಲೇನ್ರಿ?”

ಗಿರಾಕಿಗಳು ಇಬ್ಬರು ನಕ್ಕರು. ತೂಕ ಮಾಡುತ್ತಿದ್ದವನೂ ನಕ್ಕ. ಅವಳು ಗೋಡೆಯತ್ತ ಕೈ ತೋರಿಸಿದಳು. ನನ್ನ ಕೆಂಪು ಶಾಯಿಯ ರಸೀದಿಯನ್ನು ಅಲ್ಲಿ ಅಂಟಿಸಿದ್ದರು, ಎಲ್ಲರ ಕಣ್ಣಿಗೆ ಬೀಳುವಂತೆ. “ನಿಮ್ಮದು ನಮ್ಮ ಕಡೇನ ಐತಲ್ರಿ, ಮತ್ತ ಬ್ಯಾರೆ ಯಾಕ ಬೇಕು” ಎಂದು ಹೊಸ ಫ್ಲಾಸ್ಕು ತೆಗೆದುಕೊಟ್ಟಳು. ದಾಖಲೆ ಪುಸ್ತಕದಲ್ಲಿ ಬರೆದುಕೊಂಡಳು. ಬಿಸಿನೀರು ಹಾಕಿ ತಲೆಕೆಳಗು ಮಾಡಿಯೂ ತೋರಿಸಿದಳು.

ಸೋರಲಿಲ್ಲ.

೯ ನವೆಂಬರ್, ರವಿವಾರ. ಮಧ್ಯಾಹ್ನ ೩

ಮೂರು ದಿನದಿಂದ ಆ ಮಾತು ಕಿವಿಯಲ್ಲಿದೆ. ಬಾಜೂ ಮನೀದು. ಉತ್ತರ ಹೊಳೆದದ್ದು ಬಸ್ಸಿನಲ್ಲಿ, ಆಗ ಕೇಳುವವರಿರಲಿಲ್ಲ.

ಬೆಳಗಿನಿಂದ ಕುಳಿತು ಶಿವಯೋಗೀಶರಿಗೆ ಪತ್ರ ಬರೆದೆ. ನಾಲ್ಕೇ ಸಾಲು. ಎರಡನೆಯ ಸಾಲು ಚೆನ್ನಾಗಿ ಕುದುರಿದೆ: “ಇದೇ ೯ರಂದು ತಮ್ಮ ಅಂಗಡಿಯಲ್ಲಿ ಭಾಗ್ಯಶ್ರೀ ಎಂಬಾಕೆ ರಸೀದಿಯಿಲ್ಲದೆಯೇ ಸರಕನ್ನು ಬದಲಿಸಿಕೊಟ್ಟಳು, ಕೆಲಸದ ಈ ಸಡಿಲಿಕೆಗಿಂತ ಆಕೆಯ ನಾಲಗೆಯ ಸಡಿಲಿಕೆ ಹೆಚ್ಚಿನದು.”

ಓದಿ ಹೇಳಿದೆ. ಲಕ್ಷ್ಮೀಬಾಯಿ ಹೊಸ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. “ಬದಲಿ ಮಾಡಿಕೊಟ್ಟವರ ಮ್ಯಾಲೇ ಚಾಡಿ ಹೇಳ್ತೀರೇನ್ರಿ?”

“ಚಾಡಿಯಲ್ಲ. ವರದಿ.”

“ಹಂಗಂದ್ರ ಚಹಾ ಬಿಸಿ ಅದ ಅಂತಾನೂ ಬರೀರಿ ವರದ್ಯಾಗ.”

ಬರೆಯಲಿಲ್ಲ.

೧೩ ನವೆಂಬರ್, ಗುರುವಾರ. ಬೆಳಿಗ್ಗೆ ೧೧

ಶಿವಯೋಗೀಶರ ದೂರವಾಣಿ.

“ವೆಂಕಣ್ಣ ಸರ, ನಿಮ್ಮ ಪತ್ರ ಮುಟ್ಟೇತ್ರಿ. ಛಲೋ ಮಾಡಿದ್ರಿ. ಏಳನೇ ತಾರೀಖಿಗೆ ಕೆಲಸದವರನ್ನೆಲ್ಲಾ ನಿಂದರಿಸಿ ಹೇಳಿದ್ದೆ, ಬಿಲ್ ಇಲ್ಲದ ಮಾಲು ವಾಪಸ್ ತಗೊಂಡ್ರ ಅವತ್ತ ಮನೀಗೆ ಅಂತ. ಸಹೀನೂ ತಗೊಂಡೇನಿ. ಎರಡ ದಿನಕ್ಕ ಹಿಂಗ ಮಾಡ್ಯಾಳ ನೋಡ್ರಿ.”

ಏಳನೆಯ ತಾರೀಖಿನ ಮಾತು ನನಗೆ ತಿಳಿದಿರಲಿಲ್ಲ.

“ಕೇಳಿದ್ರ, ಅದು ಆರನೇ ತಾರೀಖ್ರಿ, ನೀವು ಹೇಳೂಕಿಂತ ಮೊದಲ ಅಂತಾಳ. ರಜಿಸ್ಟರದಾಗೂ ಆರು ಅಂತ ಐತ್ರಿ. ಒಂಬತ್ತರ ತಲಿ ಕೆಳಗ ಮಾಡ್ಯಾಳ, ಅಷ್ಟ. ನಿಮ್ಮ ಪತ್ರ ಕ್ಯಾಲೆಂಡರ ಬಾಜೂಕ ಹಿಡದು ನೋಡಿದೆ, ಕನ್ನಡ ಒಂಬತ್ತ ಖರೇ. ನೀವೇನು ತಪ್ಪ ಬರೀತೀರೇನ್ರಿ?”

“ನಾನು ತಪ್ಪು ಬರೆಯುವುದಿಲ್ಲ” ಎಂದೆ.

“ಅದ ನಾನೂ ಅಂದೆ. ನಿನ್ನೇನ ಆಕೀನ ಮನೀಗೆ ಕಳಿಸಿದೆ. ಮೂವತ್ತಕ್ಕ ನಮ್ಮ ಬಳಗದ ರಾಜ್ಯೋತ್ಸವ ಐತ್ರಿ. ನಿಮಗ ಸನ್ಮಾನ ಮಾಡೂದಂತ ಠರಾವ್ ಮಾಡೇವಿ. ಶಾಲು ನನ್ನ ಕಡಿಂದ.”

ಒಪ್ಪಿದೆ. ‘ಠರಾವ್’ ಅನ್ನು ತಿದ್ದಲಿಲ್ಲ.

ಭಾಗ್ಯಶ್ರೀ ಕೆಲಸ ಬಿಟ್ಟಳು.

೧೭ ನವೆಂಬರ್, ಸೋಮವಾರ. ಸಂಜೆ ೫

ಅವಳು ಬಂದಿದ್ದಳು. ಜೊತೆಗೆ ತಾಯಿ, ಗೌರಕ್ಕ. ತಮ್ಮ ಹಳ್ಳಿ ಹೆಬ್ಬಳ್ಳಿಯಿಂದ. ವಿಳಾಸ ನನ್ನ ಪತ್ರದ ತಲೆಯಲ್ಲೇ ಇತ್ತಲ್ಲ.

ತಾಯಿ ಕುಳಿತುಕೊಳ್ಳಲಿಲ್ಲ. “ನಿಮ್ಮ ಒಂದು ಅಕ್ಷರಕ್ಕ ಊರಾಗ ನನ್ನ ಮಗಳಿಗೆ ಕಳ್ಳಿ ಅನ್ನಾಕತ್ತಾರ್ರಿ. ಅಂಗಡಿಯವರ ವಾಟ್ಸಾಪದಾಗ ಫೋಟೋ ಹಾಕ್ಯಾರಂತ. ಹುಬ್ಬಳ್ಳ್ಯಾಗ ಯಾರೂ ಕೆಲಸಕ್ಕ ತಗೊಳ್ಳವಲ್ರು. ಮನಿ ನಡಸೂದು ಆಕೀನ ಅದಾಳ್ರಿ.”

“ಅಕ್ಷರವಲ್ಲ, ಅಂಕಿ” ಎಂದೆ.

ಹುಡುಗಿ ಕೈಜೋಡಿಸಿಕೊಂಡೇ ನಿಂತಿದ್ದಳು. “ಅಜ್ಜಾರ, ಅವತ್ತ ನಾ ಹಂಗ ಮಾತಾಡಬಾರದಿತ್ರಿ. ತಪ್ಪಾತು. ತಾರೀಖು ಒಂದು ನೋಡಿ ಹೇಳ್ರಿ. ಗುರುವಾರ ಇತ್ತು. ನಿಮ್ಮ ಕೈಯಾಗ ಮಂತ್ರಾಕ್ಷತಿ ಪೊಟ್ಟಣ ಇತ್ತು. ನಮ್ಮ ಸಾವಕಾರ್ರಿಗೆ ನೀವು ಒಂದ ಮಾತು ಅಂದ್ರ ಸಾಕು.”

“ದಿನಾಂಕ.”

“ಏನ್ರಿ?”

“ತಾರೀಖು ಅಲ್ಲ. ದಿನಾಂಕ.”

“ಹೌದ್ರಿ,” ಎಂದಳು. “ದಿನಾಂಕ.”

ದಿನಚರಿ ಮೇಜಿನ ಮೇಲೆ, ನಮ್ಮ ನಡುವೆಯೇ ಇತ್ತು. ಅದರ ಮೇಲೆ ನಿಘಂಟನ್ನು ಇಟ್ಟೆ. ನೋಡಿಯೇ ಬರೆದಿದ್ದೇನೆ, ಬದಲಿಸಲು ಕಾರಣವಿಲ್ಲ ಎಂದೆ. ಸ್ಪಷ್ಟವಾಗಿ, ಪೂರ್ಣ ವಾಕ್ಯದಲ್ಲಿ.

ಲಕ್ಷ್ಮೀಬಾಯಿ ಫ್ಲಾಸ್ಕಿನ ಚಹಾ ತಂದಳು. ಹುಡುಗಿ ಫ್ಲಾಸ್ಕನ್ನು ಗುರುತಿಸಿದಳು. “ಸೋರವಲ್ದಲ್ರಿ, ಅಮ್ಮಾರ?” ಎಂದು ಕೇಳಿದಳು. ಕುಡಿಯಲಿಲ್ಲ ಇಬ್ಬರೂ.

ಅವರು ಹೋದ ಮೇಲೂ ದಿನಚರಿಯ ಹಿಂದಿನ ಪುಟಗಳನ್ನು ತೆರೆದು ನೋಡಲಿಲ್ಲ. ಅಗತ್ಯ ಕಾಣಲಿಲ್ಲ.

೨೪ ನವೆಂಬರ್, ಸೋಮವಾರ

ಲಕ್ಷ್ಮೀಬಾಯಿ ಒಂದು ವಾರದಿಂದ ಕೇಳಿದ್ದಕ್ಕೆ ಮಾತ್ರ ಮಾತು. ಇಂದು ಅಕ್ಕಿ ಆರಿಸುತ್ತ, ತಲೆ ಎತ್ತದೆ: “ಒಂಬತ್ತಕ್ಕ ರವಿವಾರ ಇತ್ತು. ನೀವು ಹುಬ್ಬಳ್ಳಿಗೆ ಎಂದ ಹೋಗೀರಿ? ಅವತ್ತ ಇಡೀ ದಿನ ಆ ಪತ್ರ ಬರಕೋತ ಕೂತಿದ್ರಿ. ನಾ ಇಲ್ಲೇ ಇದ್ನೆಲ್ಲ.”

ನಿಘಂಟಿನ ಪುಟ ತಿರುವಿದೆ.

“ಆ ದಿವಸದ್ದೇ ಅಂಕಿ ಕೈಗೆ ಬಂದದ. ಎಲ್ಲಾರಿಗೂ ಆಗ್ತದ. ಫೋನ್ ಮಾಡಿ ಹೇಳ್ರಿ.”

“ಬರವಣಿಗೆಯಲ್ಲಿ ಆದದ್ದನ್ನು ಬರವಣಿಗೆಯಲ್ಲೇ ಸರಿಪಡಿಸಬೇಕು. ಮೂವತ್ತು ಮುಗಿಯಲಿ.”

“ಶಾಲು ಹೊತ್ತಕೊಂಡ ಮ್ಯಾಲೆ ಅನ್ರಿ.”

ಕರಡು ಮೂರು ಆದವು. ಮೊದಲನೆಯದರಲ್ಲಿ ‘ತಪ್ಪು’, ತೀರ ಬರಿದು. ಎರಡನೆಯದರಲ್ಲಿ ‘ಕೈತಪ್ಪು’, ನೆವದಂತೆ ಕೇಳಿಸುತ್ತದೆ. ಮೂರನೆಯದರಲ್ಲಿ ‘ಪ್ರಮಾದ’. ‘ರಸೀದಿ’ಗೂ ಅದನ್ನೇ ಬಳಸಿದ್ದೆ, ಪುನರುಕ್ತಿಯಾದೀತು. ನಾನು ೬ ಎಂದೇ ಬರೆದಿದ್ದೆ, ಅವರೇ ೯ ಎಂದು ಓದಿಕೊಂಡರು ಎನ್ನುವ ದಾರಿಯೂ ಇದೆ. ಎರಡಕ್ಕೂ ಒಂದು ಸುಳಿಯ ಅಂತರ. ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಸುಳಿ ದುಂಡಗೆ, ಸ್ಪಷ್ಟವಾಗಿದೆ. ನನ್ನ ಅಕ್ಷರ ಎಂದೂ ಹಾಗೆಯೇ.

೩೦ ನವೆಂಬರ್, ರವಿವಾರ. ರಾತ್ರಿ ೮

ಸನ್ಮಾನ ಆಯಿತು. ಶಾಲು, ಹಾರ, ಒಂದು ಫಲಕ. ಫಲಕದಲ್ಲಿ ತಪ್ಪಿಲ್ಲ.

ಶಿವಯೋಗೀಶರು ಭಾಷಣದಲ್ಲಿ ಆ ಪ್ರಸಂಗವನ್ನೇ ಹೇಳಿದರು. “ಈ ಸರ ಇರಲಿಲ್ಲಂದ್ರ ಆಕಿ ಒಂಬತ್ತನ್ನ ಆರು ಮಾಡಿ ನನ್ನ ಮಂಗ್ಯಾ ಮಾಡ್ತಿದ್ಲು. ಕನ್ನಡ ಅಂಕಿ ನನ್ನ ಅಂಗಡಿ ಉಳಸ್ತು.” ಸಭೆ ನಕ್ಕಿತು. ನಾನೂ ನಕ್ಕೆ. ಈ ಸಲ ನಗೆ ನನ್ನ ಕಡೆಗಿತ್ತು.

ಲಕ್ಷ್ಮೀಬಾಯಿ ಬಂದಿರಲಿಲ್ಲ. ಮೊಣಕಾಲು ನೋವು ಎಂದಿದ್ದಳು. ಮನೆಗೆ ಬಂದಾಗ ಮಾಳಿಗೆಯ ಮೆಟ್ಟಿಲು ತೊಳೆಯುತ್ತಿದ್ದಳು.

೩ ಡಿಸೆಂಬರ್, ಬುಧವಾರ. ಸಂಜೆ ೪

ಶುದ್ಧಪ್ರತಿಯನ್ನು ನಾನೇ ಒಯ್ದು ಕೊಟ್ಟೆ. “ಇದೇ ಡಿಸೆಂಬರ್ ೧ರಂದು ನನ್ನ ಗಮನಕ್ಕೆ ಬಂದಂತೆ” ಎಂದು ಆರಂಭ. ಪದ ಕೊನೆಗೆ ‘ಲೋಪ’ ಎಂದಾಯಿತು.

ಶಿವಯೋಗೀಶರು ಎರಡು ಸಲ ಓದಿದರು. ನಾಲ್ಕಾಗಿ ಮಡಿಚಿ ಕಿಸೆಗೆ ಹಾಕಿಕೊಂಡರು.

“ಆತು ಬಿಡ್ರಿ ಸರ. ಮಂದಿ ಮುಂದ ಮೈಕಿನ್ಯಾಗ ಹೇಳೇನಿ. ಈಗ ಹ್ಯಾಂಗ ತಿರುಗಿ ಹೇಳ್ಲಿ? ನಿಮ್ಮ ಮರ್ಯಾದಿನೂ ಅದರಾಗ ಐತಿ.”

“ಆ ಹುಡುಗಿಯನ್ನು ಮರಳಿ ಕರೆಸಬಹುದಲ್ಲ?”

“ಎಲ್ಲಿಂದ ಕರಸ್ಲಿ? ಗೋವಾಕ್ಕ ಹೋಗ್ಯಾಳ. ಮೀನ ತೊಳದು ಡಬ್ಬಿ ತುಂಬೂ ಫ್ಯಾಕ್ಟರಿ ಅಂತ. ಅವರವ್ವ ಮೊನ್ನೆ ಉಳಿದ ಸಂಬಳ ಒಯ್ಯಾಕ ಬಂದಿದ್ಲು. ಲಿಂಗ ಕಟ್ಟಿಕೊಂಡ ಹುಡುಗಿ ಮೀನದಾಗ ಕೈ ಇಟ್ಟಾಳ್ರಿ ಅಂತ ಅಳಕೋತ ಕೂತ್ಲು ಅಲ್ಲೆ, ಅದ ಸ್ಟೂಲ್ ಮ್ಯಾಲೆ.”

ನಾನು ಅದೇ ಸ್ಟೂಲಿನ ಮೇಲಿದ್ದೆ. ಎದ್ದೆ. ಬರಿಗೈಯಲ್ಲಿ ಹೊರಡಲಾಗದೆ ಎರಡು ಲೋಟ ಕೊಂಡೆ. ರಸೀದಿ ಕೊಟ್ಟರು. ಹೊಸದಾಗಿ ಅಚ್ಚಾದದ್ದು. ‘ಧನ್ಯವಾದಗಳು.’ ‘ಹಿಂತಿರುಗಿಸಲು.’ ಮೇಲೆ ‘ರಸೀದಿ’, ಸಕಾರದಲ್ಲಿ.

“ಯಾರು ತಿದ್ದಿಸಿದರು?”

“ಆಕೀನ್ರಿ. ನಿಮ್ಮ ಮೊದಲಿನ ಎರಡೂ ಪತ್ರ ಹಿಡಕೊಂಡು ಪ್ರೆಸ್ಸಿಗೆ ತಾನ ಹೋಗಿದ್ಲು. ಗ್ವಾಡಿಗೆ ಅಂಟಿಸಿದ್ದೂ ಆಕೀನ. ಅಜ್ಜಾರು ಪುಕ್ಕಟ ಕಲಸ್ಯಾರ, ಎಲ್ಲಾರೂ ನೋಡ್ಲಿ ಅಂದಿದ್ಲು.”

ಬಸ್ಸಿನಲ್ಲಿ ಧಾರವಾಡದವರೆಗೂ ಆ ರಸೀದಿಯನ್ನು ಓದಿದೆ. ಒಂದಾದರೂ ತಪ್ಪು ಸಿಗಲೆಂದು ಹುಡುಕಿದೆ. ಇಲ್ಲ.

೪ ಡಿಸೆಂಬರ್, ಗುರುವಾರ. ಬೆಳಿಗ್ಗೆ ೭

ಮಠಕ್ಕೆ ಹೋಗಲಿಲ್ಲ. ಲಕ್ಷ್ಮೀಬಾಯಿ ಒಬ್ಬಳೇ ಹೋಗಿದ್ದಾಳೆ.

ಪತ್ರಗಳಿಗೂ ಈ ದಿನಚರಿಗೂ ತಿದ್ದೋಲೆ:

ನವೆಂಬರ್ ೯ರ ಪತ್ರ, ಎರಡನೆಯ ಸಾಲು. ‘ಇದೇ ೯ರಂದು’ ಎಂದಿರುವಲ್ಲಿ ‘ಇದೇ ೬ರಂದು’ ಎಂದು ಓದಿಕೊಳ್ಳುವುದು.

ಡಿಸೆಂಬರ್ ೩ರ ಪತ್ರ, ಮೊದಲ ಸಾಲು. ‘ಡಿಸೆಂಬರ್ ೧ರಂದು ನನ್ನ ಗಮನಕ್ಕೆ ಬಂದಂತೆ’ ಎಂದಿರುವಲ್ಲಿ ‘ನವೆಂಬರ್ ೧೩ರಂದು’. ದೂರವಾಣಿಯಲ್ಲಿ ‘ಆರು’ ಎಂದು ಕೇಳಿದೊಡನೆ.

ದಿನಚರಿ, ನವೆಂಬರ್ ೧೭. ‘ತೆರೆದು ನೋಡಲಿಲ್ಲ’ ಎಂದಿದೆ. ಆ ದಿನ ನೋಡಲಿಲ್ಲ, ನಿಜ. ನೋಡಿದ್ದು ನವೆಂಬರ್ ೧೩, ಊಟಕ್ಕೆ ಮುಂಚೆ. ಅವಳು ಬಾಗಿಲಿಗೆ ಬರುವ ನಾಲ್ಕು ದಿನ ಮೊದಲು.

ದಿನಚರಿ, ನವೆಂಬರ್ ೧೩. ‘ಭಾಗ್ಯಶ್ರೀ ಕೆಲಸ ಬಿಟ್ಟಳು’ ಎಂದಿದೆ. ದಿನಾಂಕ ೧೨ ಆಗಬೇಕು. ಕ್ರಿಯಾಪದವೂ ತಪ್ಪು. ಬಿಟ್ಟದ್ದಲ್ಲ, ಬಿಡಿಸಿದ್ದು. ಕರ್ತೃ ಯಾರೆಂದು ಗೊತ್ತಾಗದೆ ಕೊನೆಯ ಪ್ರತ್ಯಯ ಹಚ್ಚಲು ಬರುವುದಿಲ್ಲ. ತಿದ್ದಿದ ವಾಕ್ಯ: ನವೆಂಬರ್ ೧೨, ಭಾಗ್ಯಶ್ರೀಯನ್ನು ಕೆಲಸ ಬಿಡಿಸಿದ